ಕೆರೆಯ ಏರಿ, ಕೋಡಿ ಮತ್ತು ಕಾಯಕ

ಹನ್ನೆರಡನೆಯ ಶತಮಾನದ ಶಿವಶರಣರಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರದು ವಿಶಿಷ್ಟವಾದ ಸ್ಥಾನ. ‘ಕಪಿಲಸಿದ್ಧಮಲ್ಲಿಕಾರ್ಜುನ’ ಎಂಬ ಅಂಕಿತದಲ್ಲಿ ವಚನಗಳನ್ನು ರಚಿಸಿದ ಆ ಮಹಾನುಭಾವರನ್ನು ನಾಡು ಕರ್ಮಯೋಗಿಯೆಂದು ಕರೆದು ಗೌರವಿಸಿದೆ. ಅವರ ಹೆಸರಿನೊಡನೆ ಒಂದು ಕೆರೆಯ ಕಥೆ ಬೇರ್ಪಡಿಸಲಾಗದಂತೆ ಬೆಸೆದುಕೊಂಡಿದೆ. ಇಂದು ಮಹಾರಾಷ್ಟ್ರದಲ್ಲಿರುವ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. ಮಳೆಯನ್ನು ನಂಬುವಂತಿಲ್ಲದ ಆ ಬಯಲುನಾಡಿನಲ್ಲಿ ಅವರು ಕಟ್ಟಿಸಿದ ಕೆರೆಯನ್ನೂ ಅದರ ನೀರಿನ ನಡುವೆ ನಿಂತ ಸಿದ್ಧೇಶ್ವರ ದೇವಾಲಯವನ್ನೂ ಇಂದಿಗೂ ಕಾಣಬಹುದು. ರಾಘವಾಂಕನು ಈ ಶರಣರ ಚರಿತ್ರೆಯನ್ನು ‘ಸಿದ್ಧರಾಮ ಚಾರಿತ್ರ’ವೆಂಬ ಕಾವ್ಯವಾಗಿ ರಚಿಸಿದನು.

ಕೆರೆಯೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಬರಗಾಲ. ಬೇಸಗೆಗಾಗಿ ನೀರನ್ನು ಕೂಡಿಡುವುದೇ ಅದರ ಪ್ರಯೋಜನವೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಇದು ಅರ್ಧ ಸತ್ಯ ಮಾತ್ರ. ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಮಣ್ಣಿನ ಏರಿಯು ಬರವನ್ನು ತಡೆಯುವಂತೆಯೇ ನೆರೆಯನ್ನೂ ತಡೆಯುತ್ತದೆ. ಬಯಲುಸೀಮೆಯ ಮಳೆ ವರ್ಷವಿಡೀ ಹನಿಯುವಂಥದಲ್ಲ. ಕೆಲವೇ ದಿನಗಳಲ್ಲಿ, ಕೆಲವೊಮ್ಮೆ ಒಂದೇ ರಾತ್ರಿಯಲ್ಲಿ, ಸುರಿದು ಹೋಗುವಂಥದು. ಹಾಗೆ ಸುರಿದ ನೀರು ತಡೆಯಿಲ್ಲದೆ ಇಳಿಜಾರಿನಲ್ಲಿ ಹರಿದರೆ ಮೇಲ್ಮಣ್ಣು ಕೊಚ್ಚಿಹೋಗುತ್ತದೆ, ತಗ್ಗಿನ ಹೊಲಗಳು ಮುಳುಗುತ್ತವೆ, ಹಳ್ಳದ ದಂಡೆಯ ಮನೆಗಳು ಕುಸಿಯುತ್ತವೆ. ಈ ಓಟಕ್ಕೆ ಕಡಿವಾಣ ಹಾಕುವುದು ಊರ ಮುಂದಿನ ಆ ಚಿಕ್ಕ ಏರಿ.

ಕೆರೆಯ ರಚನೆಯಲ್ಲಿ ಮುಖ್ಯವಾದವು ಮೂರು ಅಂಗಗಳು. ಮೊದಲನೆಯದು ಏರಿ. ಜೇಡಿಮಣ್ಣನ್ನು ಪದರಪದರವಾಗಿ ಹಾಕಿ, ನೀರು ಚಿಮುಕಿಸಿ, ತುಳಿಸಿ ಗಟ್ಟಿಗೊಳಿಸಿ, ಅಲೆಯ ಹೊಡೆತ ತಾಳಲೆಂದು ನೀರಿನ ಕಡೆಗೆ ಕಲ್ಲು ಹಾಸುತ್ತಿದ್ದರು. ಎರಡನೆಯದು ತೂಬು. ಅಚ್ಚುಕಟ್ಟಿನ ಗದ್ದೆಗಳಿಗೆ ಬೇಕಾದಷ್ಟು ನೀರನ್ನು ಅಳೆದು ಬಿಡುವುದು ಇದರ ಕೆಲಸ. ಮೂರನೆಯದು ಕೋಡಿ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಏರಿಯನ್ನು ಮುಟ್ಟದೆ ಹೊರಹೋಗಲು ಏರಿಯ ಒಂದು ತುದಿಯಲ್ಲಿ, ಗಟ್ಟಿ ನೆಲವಿರುವಲ್ಲಿ, ಅದಕ್ಕಿಂತ ತಗ್ಗಾಗಿ ಮಾಡಿದ ದಾರಿಯಿದು. ಮೂರರಲ್ಲಿ ಒಂದು ಕೆಟ್ಟರೂ ಕೆರೆ ಉಳಿಯದು. ನೆರೆಯ ದಿನ ಊರನ್ನು ಕಾಯುವುದು ಮಾತ್ರ ಕೋಡಿಯೇ.

ಈ ಕಾವಲು ನಡೆಯುವ ಬಗೆಯನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. 40 ಹೆಕ್ಟೇರ್ ಹರವಿನ ಕೆರೆಯೊಂದರಲ್ಲಿ ನೀರು ಕೋಡಿಯ ಮಟ್ಟಕ್ಕಿಂತ 1 ಮೀಟರ್ ಕೆಳಗಿದೆಯೆಂದು ಭಾವಿಸೋಣ. ದೊಡ್ಡ ಮಳೆ ಬಂದಾಗ ಆ ಕೆರೆ ಸುಮಾರು 40 ಕೋಟಿ ಲೀಟರ್ ನೀರನ್ನು ಒಂದು ಹನಿಯನ್ನೂ ಕೆಳಗೆ ಬಿಡದೆ ಹಿಡಿದುಕೊಳ್ಳುತ್ತದೆ. ಕೆರೆ ಮೊದಲೇ ತುಂಬಿದ್ದರೂ ಅದರ ಉಪಕಾರ ನಿಲ್ಲುವುದಿಲ್ಲ. ಕೋಡಿಯ ಮೇಲೆ ನೀರು 30 ಸೆಂಟಿಮೀಟರ್ ಏರಬೇಕಾದರೆ ಇಡೀ ಹರವಿನ ಮೇಲೆ ಸುಮಾರು 12 ಕೋಟಿ ಲೀಟರ್ ನೀರು ನಿಲ್ಲಬೇಕಾಗುತ್ತದೆ. ಹೀಗೆ ರಭಸದಿಂದ ಬಂದ ನೆರೆಯು ಕೆರೆಯಲ್ಲಿ ಹರಡಿ, ದಣಿವಾರಿಸಿಕೊಂಡು, ನಿಧಾನವಾಗಿ ಕೆಳಗಿಳಿಯುತ್ತದೆ. ಕೆಲವು ತಾಸುಗಳ ಆವೇಶವು ಒಂದೆರಡು ದಿನಗಳ ಹರಿವಾಗಿ ಮಾರ್ಪಡುತ್ತದೆ.

ಈ ಶಾಸ್ತ್ರವನ್ನು ನಮ್ಮ ಹಿರಿಯರು ಬಲ್ಲವರಾಗಿದ್ದರು. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರ ಭವದೂರನು ಇಂದಿನ ಆಂಧ್ರಪ್ರದೇಶದ ಕಡಪ ಸೀಮೆಯ ಪೋರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ 1369ರಲ್ಲಿ ಹಾಕಿಸಿದ ಶಾಸನವು ಇದಕ್ಕೆ ಸಾಕ್ಷಿ. ಒಳ್ಳೆಯ ಕೆರೆಗೆ ಬೇಕಾದ 12 ಅಂಗಗಳನ್ನೂ ಕೆರೆಗೆ ಬರಬಹುದಾದ 6 ದೋಷಗಳನ್ನೂ ಅದು ಎಣಿಸುತ್ತದೆ. ಗಟ್ಟಿಯಾದ ನೆಲ, ಸಿಹಿನೀರಿನ ಹೊಳೆ, ಸಮೀಪದಲ್ಲಿ ಕಲ್ಲುಗಣಿ, ಕೆಲಸ ಬಲ್ಲ ಜನ ಇವು ಅಂಗಗಳಲ್ಲಿ ಸೇರಿವೆ. ಏರಿಯಿಂದ ನೀರು ಜಿನುಗುವುದು, ಕೆರೆಯ ನಡುವೆ ನೆಲ ಉಬ್ಬಿರುವುದು, ಚಿಕ್ಕ ಜಾಗಕ್ಕೆ ಅತಿಯಾದ ನೀರು ಬರುವುದು ದೋಷಗಳಲ್ಲಿ ಕೆಲವು. ಕೊನೆಯ ದೋಷವು ನೆರೆಯ ಅಪಾಯವೇ ಎಂಬುದನ್ನು ಗಮನಿಸಬೇಕು. ಆ ಕೆರೆಗಾಗಿ ಸಾವಿರ ಆಳುಗಳೂ ನೂರು ಬಂಡಿಗಳೂ ಎರಡು ವರ್ಷ ದುಡಿದುದನ್ನೂ ಶಾಸನವು ಮರೆಯದೆ ಹೇಳುತ್ತದೆ.

ಕನ್ನಡ ನಾಡಿನಲ್ಲಿ ಕೆರೆಗಳು ಒಂಟಿಯಾಗಿ ನಿಂತವಲ್ಲ. ಮೇಲಿನ ಕೆರೆಯ ಕೋಡಿನೀರು ಕೆಳಗಿನ ಕೆರೆಗೆ, ಅಲ್ಲಿಂದ ಇನ್ನೊಂದಕ್ಕೆ ಇಳಿಯುವ ಸರಪಣಿ ಅದು. ಮೈಸೂರು ಸೀಮೆಯ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿಯವರು 1866ರಲ್ಲಿ ಈ ಏರ್ಪಾಟನ್ನು ಕಂಡು, ಹೊಸದಾಗಿ ಕೆರೆ ಕಟ್ಟಲು ಜಾಗ ಹುಡುಕುವುದೇ ಇಲ್ಲಿ ಕಷ್ಟವೆಂಬರ್ಥದ ಮಾತನ್ನು ಬರೆದರು. ಸರಪಣಿಯ ಗುಣವೇ ಅದರ ಅಪಾಯವೂ ಹೌದು. ಪ್ರತಿಯೊಂದು ಕೆರೆಯೂ ನೆರೆಯ ಒಂದೊಂದು ಪಾಲನ್ನು ಹೊತ್ತರೆ ಎಲ್ಲವೂ ಉಳಿಯುತ್ತವೆ. ಮೇಲಿನ ಒಂದು ಏರಿ ಒಡೆದರೆ ಅದರ ನೀರೆಲ್ಲವೂ ಒಮ್ಮೆಲೇ ಕೆಳಗಿನದರ ಮೇಲೆ ಬೀಳುತ್ತದೆ. ತನ್ನೂರ ಏರಿಯನ್ನು ಕಾಯುವವನು ಕಣ್ಣಿಗೆ ಕಾಣದ ಊರುಗಳನ್ನೂ ಕಾಯುತ್ತಾನೆ.

ಮಣ್ಣಿನ ಏರಿ ಒಡೆಯುವುದು ಹೆಚ್ಚಾಗಿ ಸಣ್ಣ ಕಾರಣಗಳಿಂದ. ಇಲಿ, ಹೆಗ್ಗಣಗಳ ಬಿಲದಲ್ಲಿ ನೀರು ಸೇರಿ ಒಳಗಿನ ಮಣ್ಣನ್ನು ಕೊರೆಯುತ್ತದೆ. ಏರಿಯ ಮೇಲೆ ಬೆಳೆದ ಮರ ಸತ್ತಾಗ ಕೊಳೆತ ಬೇರು ನೀರಿಗೆ ದಾರಿಯಾಗುತ್ತದೆ. ತೂಬಿನ ಕಲ್ಲು ಸಡಿಲಗೊಂಡು ಅದರ ಸುತ್ತ ಸೋರಿಕೆ ಹುಟ್ಟುತ್ತದೆ. ಕೋಡಿ ಕಟ್ಟಿಕೊಂಡರೆ ನೀರು ಏರಿಯ ಮೇಲೆಯೇ ಹರಿದು ಕೆಲವೇ ಗಂಟೆಗಳಲ್ಲಿ ಅದನ್ನು ಕತ್ತರಿಸಿಹಾಕುತ್ತದೆ. ಇವೆಲ್ಲವೂ ದಿನವೂ ಏರಿಯ ಮೇಲೆ ನಡೆದಾಡುವವನ ಕಣ್ಣಿಗೆ ಮೊದಲೇ ಬೀಳುವ ಸಂಗತಿಗಳು.

ಹಾಗೆ ನಡೆದಾಡುವವನು ಇರಬೇಕೆಂದೇ ಹಿಂದಿನವರು ವ್ಯವಸ್ಥೆ ಮಾಡಿದ್ದರು. ಕೆರೆ ಕಟ್ಟಿದವರಿಗೂ ದುರಸ್ತಿ ಮಾಡಿದವರಿಗೂ ಕಟ್ಟುಕೊಡಗೆಯ ಭೂಮಿ ಸಲ್ಲುತ್ತಿತ್ತು. ಬಿತ್ತುವಟ್ಟವೆಂಬ ದತ್ತಿ ಕೆರೆಯ ರಕ್ಷಣೆಗೆ ಮೀಸಲಾಗಿತ್ತು. ಹೂಳು ಹೊರುವ ಕೆರೆಬಂಡಿಗಳಿಗೆ ದಾನ ಕೊಟ್ಟುದನ್ನು ಶಾಸನಗಳು ಹೇಳುತ್ತವೆ. ತೂಬನ್ನು ತೆರೆದು ಮುಚ್ಚಿ ನೀರು ಹಂಚಲು ನೀರುಗಂಟಿಯಿದ್ದನು. ಆದರೆ ಈ ವ್ಯವಸ್ಥೆಯಲ್ಲಿ ಹುಟ್ಟಿನಿಂದ ಹುದ್ದೆ ನಿರ್ಣಯವಾಗುತ್ತಿತ್ತೆಂಬುದನ್ನು ಮರೆಮಾಚುವಂತಿಲ್ಲ. ಮಣ್ಣು ಹೊತ್ತವರಿಗೆ ಅಚ್ಚುಕಟ್ಟಿನಲ್ಲಿ ಪಾಲು ದೊರೆಯುತ್ತಿದ್ದುದು ಅಪರೂಪ. 1961ರಲ್ಲಿ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದುಪಡಿಸುವ ಕಾಯಿದೆ ಬಂದುದು ಈ ದೃಷ್ಟಿಯಿಂದ ನ್ಯಾಯವೇ ಆಗಿತ್ತು. ಹುದ್ದೆಯೊಡನೆ ಕೆಲಸವೂ ಅನೇಕ ಊರುಗಳಲ್ಲಿ ಅನಾಥವಾದುದು ಮಾತ್ರ ನಷ್ಟ. ಅಚ್ಚುಕಟ್ಟಿನ ಅಳತೆಗೆ ತಕ್ಕಂತೆ ಕೆರೆಗಳು ಸಣ್ಣ ನೀರಾವರಿ ಇಲಾಖೆಗೂ ಪಂಚಾಯತಿಗಳಿಗೂ ಹಂಚಿಹೋದವು. ಕೊಳವೆಬಾವಿ ಬಂದ ಮೇಲೆ ರೈತನ ಕಣ್ಣೂ ಕೆರೆಯಿಂದ ಆಚೆ ಸರಿಯಿತು.

ಕೆರೆಯನ್ನು ಮರೆತರೂ ಮಳೆ ಮರೆಯುವುದಿಲ್ಲ. 2022ರ ಆಗಸ್ಟ್ ತಿಂಗಳ ಕೊನೆಯಲ್ಲಿ ರಾಮನಗರ ಜಿಲ್ಲೆಯಲ್ಲಿ ಕೆರೆಗಳು ತುಂಬಿ ಹರಿದು ಬೆಂಗಳೂರು–ಮೈಸೂರು ಹೆದ್ದಾರಿ ಜಲಾವೃತವಾಯಿತು. ಮುಂದಿನ ತಿಂಗಳು ಬೆಂಗಳೂರಿನ ಬಡಾವಣೆಗಳಲ್ಲಿ ದೋಣಿಗಳು ಓಡಾಡಿದವು. ಕೆರೆಯಿಂದ ಕೆರೆಗೆ ನೀರು ಸಾಗಿಸುತ್ತಿದ್ದ ರಾಜಕಾಲುವೆಗಳ ಒತ್ತುವರಿ ಅಂದು ಎಲ್ಲರ ಮಾತಿಗೆ ವಸ್ತುವಾಯಿತು. ಹಳ್ಳಿಗಳಲ್ಲಿ ಜಗಳ ಬೇರೆ ಬಗೆಯದು. ಇನ್ನಷ್ಟು ನೀರು ನಿಲ್ಲಲೆಂದು ಅಚ್ಚುಕಟ್ಟಿನವರು ಕೋಡಿಗೆ ಮರಳುಚೀಲ ಒಡ್ಡುತ್ತಾರೆ. ಹಿನ್ನೀರಿನಲ್ಲಿ ಹೊಲ ಮುಳುಗಿದವರು ರಾತ್ರಿ ಬಂದು ಕೋಡಿಯನ್ನು ಅಗೆಯುತ್ತಾರೆ. ಇಬ್ಬರಿಗೂ ಅವರವರ ನ್ಯಾಯವಿದೆ, ಇಬ್ಬರ ನಡುವೆ ಏರಿ ಬಡವಾಗುತ್ತದೆ.

ಇಲ್ಲಿ ಸೊನ್ನಲಿಗೆಯ ಪ್ರಸಂಗವನ್ನು ಮತ್ತೆ ನೆನೆಯುವುದು ಉಚಿತ. ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದಾಗ ಕೆರೆಯ ಕೆಲಸ ಭರದಿಂದ ಸಾಗಿತ್ತೆಂದೂ, ಪ್ರಭುಗಳು ಸಿದ್ಧರಾಮರನ್ನು ಸಿದ್ಧನೆನ್ನದೆ ಒಡ್ಡನೆಂದು ಕರೆದು ಕೇಳಿದರೆಂದೂ, ಗುರುನಿಂದೆಯೆಂದು ಕೆರಳಿದ ಕೆಲಸಗಾರರು ಅವರ ಮೇಲೆ ಕಲ್ಲೆಸೆದರೆಂದೂ ‘ಶೂನ್ಯಸಂಪಾದನೆ’ಯು ಹೇಳುತ್ತದೆ. ಪ್ರಭುಗಳು ಕೆರೆಯನ್ನೇ ಹಳಿದರೆಂದು ಇದನ್ನು ತಿಳಿಯುವವರುಂಟು. ಅವರ ಪ್ರಶ್ನೆ ಕೆರೆಯ ಮೇಲಿರಲಿಲ್ಲ. ‘ನಾನು ಕಟ್ಟಿದೆ’ ಎಂಬ ಭಾವದ ಮೇಲಿತ್ತು. ಒಡ್ಡನೆಂಬ ಮಾತು ನಿಂದೆಯೆಂದು ತೋರಿದ್ದು ಕೇಳಿದವರ ಕಿವಿಗೆ. ಮಣ್ಣು ಅಗೆದು ಕಲ್ಲು ಕಡಿದು ನಾಡಿನ ಕೆರೆಗಳನ್ನು ಎಬ್ಬಿಸಿದ ಆ ಸಮುದಾಯವು ಇಂದು ಸಿದ್ಧರಾಮೇಶ್ವರರನ್ನೇ ತನ್ನ ಗುರುವೆಂದು ಪೂಜಿಸುತ್ತಿದೆ. ನಿಂದೆಯಾಗಿ ಕೇಳಿಸಿದ ಮಾತು ನಂಟಾಗಿ ನಿಂತಿತು.

ಕೆರೆಯೂ ಇದನ್ನೇ ಬೋಧಿಸುತ್ತದೆ. ಬಂದುದೆಲ್ಲವೂ ತನಗೇ ಬೇಕೆಂದು ಹಿಡಿದಿಡುವ ಏರಿ ಒಡೆದುಹೋಗುತ್ತದೆ. ತನಗೆ ಸಾಕಾದಷ್ಟನ್ನು ಉಳಿಸಿಕೊಂಡು ಮಿಕ್ಕುದನ್ನು ಕೋಡಿಯ ಮೂಲಕ ಕೆಳಗಿನವರಿಗೆ ಒಪ್ಪಿಸುವ ಕೆರೆ ನೂರಾರು ವರ್ಷ ಬಾಳುತ್ತದೆ. ಶರಣರು ದಾಸೋಹವೆಂದು ಕರೆದುದು ಇದರಿಂದ ಬೇರೆಯಲ್ಲ. ಕೆರೆ ತುಂಬಿದ ದಿನ ಬಾಗಿನ ಅರ್ಪಿಸಲು ಊರೆಲ್ಲ ಸೇರುತ್ತದೆ. ಮುಂಗಾರಿಗೆ ಮೊದಲು ಒಂದು ದಿನ ಅದೇ ಊರು ಸೇರಿ ಏರಿಯ ಮೇಲಿನ ಗಿಡಗಂಟಿ ಕಡಿದು, ಬಿಲಗಳನ್ನು ಮುಚ್ಚಿ, ಕೋಡಿಯ ದಾರಿಯನ್ನು ಬಿಡಿಸಿದರೆ ಅದಕ್ಕಿಂತ ದೊಡ್ಡ ಗಂಗಾಪೂಜೆ ಬೇರೊಂದಿಲ್ಲ. ಸಿದ್ಧರಾಮೇಶ್ವರರಿಗೆ ಅದೇ ನಿಜವಾದ ಶರಣಾರ್ಥಿ.