ಮ್ಯಾಡ್ರಿಡ್‌ನ ಬುಡದಲ್ಲಿರುವ ಮಜ್ರೀತ್

ಸ್ಪೇನಿನ ರಾಜಧಾನಿ ಮ್ಯಾಡ್ರಿಡ್‌ಗೆ ಹೋದ ಪ್ರವಾಸಿಗರು ಸಾಮಾನ್ಯವಾಗಿ ಮೊದಲು ನೋಡುವುದು ಅಲ್ಲಿನ ರಾಜಮನೆತನದ ಅರಮನೆಯನ್ನು. ಮೂರು ಸಾವಿರಕ್ಕೂ ಹೆಚ್ಚು ಕೋಣೆಗಳಿರುವ ಆ ಸೌಧದ ಎದುರಿಗೇ ಅಲ್ಮುದೇನಾ ಎಂಬ ಹೆಸರಿನ ಪ್ರಧಾನ ಚರ್ಚ್ ಇದೆ. ಎರಡರ ಮುಂದೆಯೂ ನಿಂತು ಚಿತ್ರ ತೆಗೆಸಿಕೊಂಡು ಜನರು ಪ್ಲಾಝಾ ಮಾಯೋರ್ ಎಂಬ ದೊಡ್ಡ ಚೌಕದ ಕಡೆ ನಡೆದುಬಿಡುತ್ತಾರೆ. ಚರ್ಚಿನ ಪಕ್ಕದ ಇಳಿಜಾರಿನಲ್ಲಿ ಒಂದು ಹಳೆಯ ಕಲ್ಲಿನ ಗೋಡೆಯಿದೆ. ಅದರ ಬಳಿ ನಿಲ್ಲುವವರು ಕಡಿಮೆ. ಆದರೆ ಆ ನಗರದಲ್ಲೇ ಕಟ್ಟಿ, ಇಂದಿಗೂ ಕಣ್ಣಿಗೆ ಕಾಣುವ ಕಟ್ಟಡಗಳಲ್ಲೆಲ್ಲ ಅತ್ಯಂತ ಹಳೆಯದು ಅದೇ. ಅದನ್ನು ಕಟ್ಟಿದವರು ಮುಸ್ಲಿಮರು.

ಕ್ರಿ.ಶ. 852ರಿಂದ 886ರವರೆಗೆ ಕುರ್ತುಬಾ ನಗರದಿಂದ ಅಂದಲುಸನ್ನು ಆಳಿದ ಉಮವೀ ಅಮೀರ್ ಮುಹಮ್ಮದ್ ಬಿನ್ ಅಬ್ದುರ್ರಹ್ಮಾನ್ ಇಲ್ಲಿ ಒಂದು ಕೋಟೆಯನ್ನು ಕಟ್ಟಿಸಿದರು. ಊರಿನ ಹೆಸರು ಮಜ್ರೀತ್. ಇದನ್ನು ಸುವರ್ಣಯುಗದ ಮಹಾನಗರವೆಂದು ವರ್ಣಿಸುವ ಭಾಷಣಗಳನ್ನು ನಾವು ಕೇಳಿದ್ದೇವೆ. ಅದು ಸರಿಯಲ್ಲ. ಮಜ್ರೀತ್ ಒಂದು ಗಡಿ ಠಾಣೆಯಾಗಿತ್ತು. ಉತ್ತರದ ಗುವಾದರ್ರಾಮಾ ಬೆಟ್ಟಸಾಲಿನ ಕಣಿವೆಗಳಿಂದ ಇಳಿದು ಬರುವ ಕ್ರೈಸ್ತ ಸೇನೆಗಳ ಮೇಲೆ ಕಣ್ಣಿಡುವುದು, ಅಮೀರರ ವಿರುದ್ಧ ಪದೇ ಪದೇ ದಂಗೆಯೇಳುತ್ತಿದ್ದ ಟೊಲೆಡೊ ನಗರವನ್ನು ಹದ್ದಿನಲ್ಲಿಡುವುದು, ಇವೇ ಅದರ ಕೆಲಸ. ಯೂರೋಪಿನಲ್ಲಿ ಮುಸ್ಲಿಮರು ಸ್ಥಾಪಿಸಿದ ಏಕೈಕ ರಾಜಧಾನಿ ಇದೆಂಬ ಮಾತೂ ಪ್ರಚಾರದಲ್ಲಿದೆ. ಸರಾಯೇವೊ ಮತ್ತು ತಿರಾನಾ ನಗರಗಳು ಉಸ್ಮಾನೀ ಕಾಲದಲ್ಲಿ ಹುಟ್ಟಿದವು ಎಂಬುದನ್ನು ಈ ಮಾತು ಮರೆಯುತ್ತದೆ. ಪಶ್ಚಿಮ ಯೂರೋಪಿನ ಮಟ್ಟಿಗೆ ಹೇಳುವುದಾದರೆ ಒಪ್ಪಬಹುದು.

ಮಜ್ರೀತ್ ಎಂಬ ಹೆಸರು ಎಲ್ಲಿಂದ ಬಂತೆಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ನೀರಿನ ಕಾಲುವೆಯೆಂಬ ಅರ್ಥದ ‘ಮಜ್ರಾ’ ಎಂಬ ಅರಬಿ ಪದವೇ ಮೂಲವೆನ್ನುವವರಿದ್ದಾರೆ. ಅದಕ್ಕೂ ಹಿಂದಿನ ಸ್ಥಳೀಯ ಲ್ಯಾಟಿನ್ ಮೂಲದ ಪದವೆನ್ನುವವರೂ ಇದ್ದಾರೆ. ನೀರಿಗೂ ಆ ಊರಿಗೂ ಇರುವ ನಂಟನ್ನು ಮಾತ್ರ ಯಾರೂ ಅಲ್ಲಗಳೆಯುವುದಿಲ್ಲ. ನೆಲದಡಿ ಸುರಂಗ ಕೊರೆದು, ಅಲ್ಪ ಇಳಿಜಾರು ಕೊಟ್ಟು, ದೂರದ ಅಂತರ್ಜಲವನ್ನು ಊರೊಳಗೆ ಹರಿಸುವ ವಿಧಾನದಿಂದಲೇ ಮ್ಯಾಡ್ರಿಡ್ ಶತಮಾನಗಳ ಕಾಲ ಬಾಯಾರಿಕೆ ನೀಗಿಸಿಕೊಂಡಿತು. 1858ರಲ್ಲಿ ಹೊಸ ಕಾಲುವೆ ಬಂದ ಮೇಲೆಯೇ ಅವುಗಳ ಪ್ರಾಮುಖ್ಯ ಕುಗ್ಗಿದ್ದು. ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಕರೇಜ್ ನೋಡಿದವರಿಗೆ ಈ ವಿದ್ಯೆಯನ್ನು ಬೇರೆಯಾಗಿ ವಿವರಿಸಬೇಕಿಲ್ಲ. ಎರಡೂ ಪರ್ಷಿಯಾದ ಕನಾತ್ ಪದ್ಧತಿಯ ಕುಡಿಗಳು. ಮ್ಯಾಡ್ರಿಡ್‌ನ ಸುರಂಗಗಳಲ್ಲಿ ಹೆಚ್ಚಿನವು ಮುಸ್ಲಿಮ್ ಆಳ್ವಿಕೆ ಮುಗಿದ ಮೇಲೆ ತೋಡಿದವು. ಆಳಿದವರು ಹೋದರೂ ವಿದ್ಯೆ ಉಳಿಯಿತು.

ಈ ಚಿಕ್ಕ ಗಡಿ ಊರು ಒಬ್ಬ ಮಹಾ ವಿದ್ವಾಂಸನನ್ನೂ ಕೊಟ್ಟಿತು. ಬುಖಾರಾದವರು ಬುಖಾರಿ ಆದಂತೆ ಮಜ್ರೀತಿನವರು ಮಜ್ರೀತೀ. ಮಸ್ಲಮಾ ಅಲ್-ಮಜ್ರೀತೀ ಇಲ್ಲಿ ಹುಟ್ಟಿ, ಕುರ್ತುಬಾದಲ್ಲಿ ಬೋಧಿಸಿ, ಸುಮಾರು 1007ರಲ್ಲಿ ತೀರಿಕೊಂಡ ಗಣಿತಜ್ಞ, ಖಗೋಳಜ್ಞ. ಬಗ್ದಾದಿನ ಅಲ್-ಖ್ವಾರಿಝ್ಮೀ ರಚಿಸಿದ್ದ ಗ್ರಹಗತಿಯ ಕೋಷ್ಟಕಗಳನ್ನು ಅವರು ಪರಿಷ್ಕರಿಸಿದರು. ಆ ಕೋಷ್ಟಕಗಳು ಪರ್ಷಿಯನ್ ಶಕೆಯ ಲೆಕ್ಕದಲ್ಲಿದ್ದವು. ಮಜ್ರೀತೀ ಅವನ್ನು ಹಿಜರಿ ಶಕೆಗೆ ತಂದರು, ಕುರ್ತುಬಾದ ರೇಖಾಂಶಕ್ಕೆ ಹೊಂದಿಸಿದರು. ಇಲ್ಲಿ ನಮಗೆ ಹತ್ತಿರದ ಸಂಗತಿಯೊಂದಿದೆ. ಖ್ವಾರಿಝ್ಮೀಯ ಕೋಷ್ಟಕಗಳ ಬೇರು ಭಾರತೀಯ ಸಿದ್ಧಾಂತ ಗ್ರಂಥಗಳಲ್ಲಿದೆ. ಅರಬರು ಅದನ್ನು ‘ಸಿಂದ್‌ಹಿಂದ್’ ಎಂದು ಕರೆದರು. ನಮ್ಮ ಉಜ್ಜಯಿನಿಯು ಅವರ ಬರಹಗಳಲ್ಲಿ ‘ಅರೀನ್’ ಆಗಿ, ರೇಖಾಂಶ ಎಣಿಸುವ ಕೇಂದ್ರಬಿಂದುವಾಯಿತು. ಖ್ವಾರಿಝ್ಮೀಯ ಮೂಲ ಅರಬಿ ಕೃತಿ ಕಳೆದುಹೋಗಿದೆ. ಮಜ್ರೀತೀ ಪರಿಷ್ಕರಿಸಿದ ರೂಪವನ್ನು 1126ರಲ್ಲಿ ಇಂಗ್ಲೆಂಡಿನ ಬಾತ್ ಊರಿನ ಅಡೆಲಾರ್ಡ್ ಲ್ಯಾಟಿನ್‌ಗೆ ಅನುವಾದಿಸಿದ ಕಾರಣ ಅದು ಇಂದಿಗೂ ಉಳಿದಿದೆ. ಉಜ್ಜಯಿನಿ, ಬಗ್ದಾದ್, ಕುರ್ತುಬಾ, ಬಾತ್: ಒಂದು ಲೆಕ್ಕದ ಪುಸ್ತಕ ಇಷ್ಟು ದೂರ ನಡೆಯಿತು. ಧರ್ಮದ ಗಡಿಗಳನ್ನು ಅದು ಎರಡು ಸಲ ದಾಟಿತು.

1085ರ ಹೊತ್ತಿಗೆ ಟೊಲೆಡೊ ಜೊತೆಗೆ ಮಜ್ರೀತ್ ಕೂಡ ಕಾಸ್ಟೀಲಿನ ದೊರೆ ಆರನೆಯ ಅಲ್ಫೊನ್ಸೊನ ವಶವಾಯಿತು. ಮುಸ್ಲಿಮರೆಲ್ಲರೂ ಊರು ಬಿಡಲಿಲ್ಲ. ಕ್ರೈಸ್ತ ಆಳ್ವಿಕೆಯಲ್ಲಿ ಪ್ರಜೆಗಳಾಗಿ ಉಳಿದ ಇವರನ್ನು ಮುದೇಜರ್ ಎನ್ನುತ್ತಾರೆ. ನಾಲ್ಕು ಶತಮಾನಗಳ ಕಾಲ ಅವರು ಆ ನಗರದ ಗಾರೆ, ಮರ, ಇಟ್ಟಿಗೆ ಕೆಲಸ ನೋಡಿಕೊಂಡರು. ಕಟ್ಟಡದ ಮೇಸ್ತ್ರಿಗೆ ಸ್ಪ್ಯಾನಿಷಿನಲ್ಲಿರುವ ಹಳೆಯ ಹೆಸರು ‘ಅಲರೀಫೆ’ ಅರಬಿಯ ‘ಅಲ್-ಅರೀಫ್’ ಅಲ್ಲದೆ ಬೇರೆಯಲ್ಲ. ಸಾನ್ ನಿಕೊಲಾಸ್ ಚರ್ಚಿನ ಇಟ್ಟಿಗೆ ಗೋಪುರವನ್ನು ನೋಡಿದರೆ ಮಿನಾರದ ನೆನಪಾಗುವುದು ಸಹಜ. ಅದು ಮುದೇಜರ್ ಕೈಚಳಕದ್ದು. ಅವರು ವಾಸಿಸಿದ್ದ ಕೇರಿಯ ನೆನಪಿಗೆ ಮೊರೆರಿಯಾ ಎಂಬ ಬೀದಿ ಇಂದಿಗೂ ಇದೆ.

1502ರಲ್ಲಿ ರಾಣಿ ಇಸಬೆಲ್ಲಾ ಕಾಸ್ಟೀಲಿನ ಮುಸ್ಲಿಮರಿಗೆ ಎರಡೇ ದಾರಿ ಕೊಟ್ಟಳು: ಒಂದೋ ಮತಾಂತರ, ಇಲ್ಲವೋ ದೇಶತ್ಯಾಗ. ಉಳಿದವರು ಮೊರಿಸ್ಕೊ ಎನಿಸಿಕೊಂಡರು. ನೂರು ವರ್ಷ ಕಳೆದ ಮೇಲೂ ಅವರ ಮೇಲಿನ ಶಂಕೆ ಹೋಗಲಿಲ್ಲ. 1609ರಿಂದ 1614ರ ನಡುವೆ ದೇಶದುದ್ದಕ್ಕೂ ಸುಮಾರು ಮೂರು ಲಕ್ಷ ಮೊರಿಸ್ಕೊಗಳನ್ನು ಹೊರಹಾಕಲಾಯಿತು. ಈ ಆಜ್ಞೆ ಹೊರಡಿಸಿದ ದೊರೆ ಮೂರನೆಯ ಫಿಲಿಪ್. ಪ್ಲಾಝಾ ಮಾಯೋರ್ ಚೌಕದ ನಡುವೆ ಕುದುರೆಯೇರಿ ಕುಳಿತ ಕಂಚಿನ ಪ್ರತಿಮೆ ಅವನದೇ. ಅದರ ಕೆಳಗೆ ಕುಳಿತು ವಿಶ್ರಮಿಸುವ ಪ್ರವಾಸಿಗರಲ್ಲಿ ನಮ್ಮವರೂ ಇರುತ್ತಾರೆ. ಅಲ್ಲಿ ಕುಳಿತರೆ ತಪ್ಪೇನಿಲ್ಲ. ಅವನು ಯಾರೆಂದು ತಿಳಿದು ಕುಳಿತರೆ ಒಳ್ಳೆಯದು.

ಎರಡನೆಯ ಫಿಲಿಪ್ 1561ರಲ್ಲಿ ತನ್ನ ಆಸ್ಥಾನವನ್ನು ಮ್ಯಾಡ್ರಿಡ್‌ಗೆ ತಂದ ಮೇಲೆ ಬೇರೊಂದು ಬಗೆಯ ಕೆಲಸ ನಡೆಯಿತು. ಕ್ಯಾಥೊಲಿಕ್ ಸಾಮ್ರಾಜ್ಯದ ರಾಜಧಾನಿಗೆ ಒಬ್ಬ ಅಮೀರ್ ಸಂಸ್ಥಾಪಕನಾಗಿರುವುದು ಆಸ್ಥಾನದ ಬರಹಗಾರರಿಗೆ ಹಿಡಿಸಲಿಲ್ಲ. ಊರನ್ನು ಒಕ್ನೊ ಬಿಯಾನೊರ್ ಎಂಬ ಪ್ರಾಚೀನ ರಾಜಕುಮಾರ ಸ್ಥಾಪಿಸಿದನೆಂಬ ಕಥೆಯನ್ನು ಹೆಣೆದು ಅದಕ್ಕೆ ಮಾಂತುವಾ ಎಂಬ ಪುರಾತನ ಹೆಸರನ್ನೂ ಅಂಟಿಸಿದರು. ಗೋಡೆ ಎದುರಿಗೇ ನಿಂತಿದ್ದರೂ ಜನ ಈ ಕಟ್ಟುಕಥೆಯನ್ನು ಬಹುಕಾಲ ನಂಬಿದರು. ನನ್ನ ಅಭಿಪ್ರಾಯದಲ್ಲಿ ಮನೆಮಠ ಕಳೆದುಕೊಂಡವರ ನೋವಿಗಿಂತ ಇದು ಚಿಕ್ಕದಲ್ಲ. ದೇಶದಿಂದ ಹೊರಗೆ ಹೋದವನ ಮೊಮ್ಮಗ ಮರಳಿ ಬರಬಹುದು. ಅಜ್ಜ ಅಲ್ಲಿ ಇರಲೇ ಇಲ್ಲವೆಂದು ಬರೆದುಬಿಟ್ಟರೆ ಅವನು ಎಲ್ಲಿಗೆ ಮರಳಬೇಕು?

ಆದರೆ ಭಾಷೆಯನ್ನು ತಿದ್ದಲು ಅವರಿಂದ ಆಗಲಿಲ್ಲ. ಅಲ್ಮುದೇನಾ ಎಂಬುದು ‘ಅಲ್-ಮುದೈನಾ’, ಅಂದರೆ ಚಿಕ್ಕ ಕೋಟೆ. ಇಗರ್ಜಿಮಾತೆ ಮರಿಯಮರನ್ನು ಆ ನಗರದವರು ಇಂದಿಗೂ ಈ ಅರಬಿ ಹೆಸರಿನಿಂದಲೇ ಕರೆಯುತ್ತಾರೆ. 1993ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅಲ್ಲಿನ ಹೊಸ ಚರ್ಚನ್ನು ಪ್ರತಿಷ್ಠಾಪಿಸಿದಾಗಲೂ ಹೆಸರು ಬದಲಾಗಲಿಲ್ಲ. ನಗರದ ಮೇಯರ್‌ಗೆ ಅಲ್ಲಿ ‘ಅಲ್ಕಾಲ್ದೆ’ ಎನ್ನುತ್ತಾರೆ, ಮೂಲ ‘ಅಲ್-ಖಾಝೀ’. ಸಮೀಪದ ಅಲ್ಕಲಾ ಪಟ್ಟಣದ ಹೆಸರು ‘ಅಲ್-ಕಲ್ಅ’ದಿಂದ ಬಂದುದು. ಕನ್ನಡದಲ್ಲಿ ನಾವು ಕಿಲ್ಲೆ ಎನ್ನುವುದೂ ಅದೇ ಬೇರಿನ ಪದ. ವಕೀಲ, ಅರ್ಜಿ, ಜಿಲ್ಲೆ, ತಾಲ್ಲೂಕು ಎಂದು ದಿನವೂ ಆಡುವ ನಮಗೆ ಇದು ಅಚ್ಚರಿಯಲ್ಲ.

ಅಮೀರರ ಕೋಟೆಯಿದ್ದ ಎಡೆಯಲ್ಲಿ ಬೆಳೆದ ಹಳೆಯ ಅಲ್ಕಾಝರ್ ಅರಮನೆ 1734ರ ಕ್ರಿಸ್ಮಸ್ ಮುನ್ನಾದಿನದ ರಾತ್ರಿ ಬೆಂಕಿಗೆ ಆಹುತಿಯಾಯಿತು. ಇಂದಿನ ಅರಮನೆ ಅದರ ಜಾಗದಲ್ಲೇ ನಿಂತಿದೆ. ಗೋಡೆಯ ಬಹುಭಾಗ ಮನೆಗಳ ಹಿಂದೆ, ನೆಲಮಾಳಿಗೆಗಳೊಳಗೆ ಸೇರಿಹೋಯಿತು. 20ನೇ ಶತಮಾನದಲ್ಲಿ ಉಳಿದ ಭಾಗಕ್ಕೆ ಸ್ಮಾರಕದ ರಕ್ಷಣೆ ಸಿಕ್ಕಿತು. ಅದರ ಪಕ್ಕದ ಉದ್ಯಾನಕ್ಕೆ ಈಗ ಅಮೀರ್ ಮುಹಮ್ಮದರ ಹೆಸರಿದೆ. 2023ರಲ್ಲಿ ತೆರೆದ ರಾಜಸಂಗ್ರಹಗಳ ವಸ್ತುಸಂಗ್ರಹಾಲಯದೊಳಗೂ ಅಗೆತದಲ್ಲಿ ಸಿಕ್ಕ ಗೋಡೆಯ ತುಣುಕೊಂದನ್ನು ಪ್ರದರ್ಶಿಸಿದ್ದಾರೆ.

ಭೂಮಿಯಲ್ಲಿ ಸಂಚರಿಸಿ, ಗತಿಸಿದವರ ಸ್ಥಿತಿಯನ್ನು ಕಣ್ಣಾರೆ ಕಾಣಲು ಕುರ್‌ಆನ್ ಹಲವೆಡೆ ಪ್ರೇರೇಪಿಸುತ್ತದೆ. ಗಲ್ಫಿನಿಂದಲೋ ಯೂರೋಪಿನ ಬೇರೆ ಊರುಗಳಿಂದಲೋ ಮ್ಯಾಡ್ರಿಡ್‌ಗೆ ಹೋಗುವ ನಮ್ಮ ಮಕ್ಕಳು ಜುಮುಅಃಕ್ಕೆ 1992ರಲ್ಲಿ ತೆರೆದ ದೊಡ್ಡ ಇಸ್ಲಾಮಿಕ್ ಕೇಂದ್ರದ ಮಸೀದಿಗೆ ಹೋಗಬಹುದು. ಅನಂತರ ಅಲ್ಮುದೇನಾ ಪಕ್ಕದ ಇಳಿಜಾರಿಗೆ ಬರಲಿ. ಗೋಡೆಯ ಬುರುಜುಗಳ ಆಕಾರವನ್ನು ಗಮನಿಸಲಿ. ಚೌಕಾಕಾರದವು ಅಮೀರರ ಕಾಲದವು. ದುಂಡಗಿನ ಬುರುಜುಗಳು ಎಲ್ಲಾದರೂ ಕಂಡರೆ ಅವು ಅನಂತರದ ಕ್ರೈಸ್ತ ಕೋಟೆಯವು.