ಗಾಜಿನೊಳಗಿನ ಕಡಲು: ಅಣಬೆ ಹವಳದ ಪುಟ್ಟ ತೊಟ್ಟಿಯ ಹಿಂದಿನ ಇತಿಹಾಸ

ಓದುವ ಮೇಜಿನ ಮೇಲೆ ಇಡಬಹುದಾದ, 20 ಲೀಟರ್ ನೀರು ಹಿಡಿಯುವ ಒಂದು ಗಾಜಿನ ತೊಟ್ಟಿಯನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ ಉಪ್ಪುನೀರಿದೆ, ಎರಡು ಮೂರು ಒರಟು ಕಲ್ಲುಗಳಿವೆ. ಕಲ್ಲುಗಳ ಮೇಲೆ ಕೆಂಪು, ನೀಲಿ, ಹಸಿರು ಬಣ್ಣದ ಬಿಲ್ಲೆಗಳು ಮೈ ಹರಡಿಕೊಂಡು ಕುಳಿತಿವೆ. ಮಳೆಗಾಲದಲ್ಲಿ ಕೊಳೆತ ಮರದ ಮೇಲೆ ಏಳುವ ಅಣಬೆಗಳಂತೆ ಕಾಣುವುದರಿಂದ ಇವುಗಳನ್ನು ಅಣಬೆ ಹವಳ ಎಂದು ಕರೆಯುತ್ತಾರೆ. ಆದರೆ ಇವು ಪ್ರಾಣಿಗಳು. ಕಡಲಿನಿಂದ ನೂರಾರು ಕಿಲೋಮೀಟರ್ ದೂರದ ಊರಿನಲ್ಲಿಯೂ ಇಂದು ಇವನ್ನು ಸಾಕಬಹುದು. ನೋಡಲು ಚಿಕ್ಕದಾಗಿರುವ ಈ ಸಾಧನೆಯ ಹಿಂದೆ ಸುಮಾರು 180 ವರ್ಷಗಳ ಕಲಿಕೆಯಿದೆ. ಆ ಕಲಿಕೆಗೆ ಕಡಲತೀರಗಳು ತೆತ್ತ ಬೆಲೆಯೂ ಸಣ್ಣದಲ್ಲ.

ಕಥೆ ಆರಂಭವಾಗುವುದು ಇಂಗ್ಲೆಂಡಿನಲ್ಲಿ. 1846ರಲ್ಲಿ ಆನಾ ಥಿನ್ ಎಂಬ ಮಹಿಳೆ ಡೆವನ್ ಪ್ರಾಂತದ ಟಾರ್ಕಿ ಎಂಬ ಕಡಲೂರಿಗೆ ಹೋಗಿದ್ದರು. ಅಲ್ಲಿಯ ಬಂಡೆಗಳ ಮೇಲೆ ಬೆಳೆಯುವ ಬಟ್ಟಲಿನಾಕಾರದ ಸಣ್ಣ ಹವಳಜೀವಿಗಳು ಅವರ ಮನಸ್ಸನ್ನು ಸೆಳೆದವು. ಅವುಗಳನ್ನು ಲಂಡನ್ನಿನ ಮನೆಗೆ ಜೀವಂತವಾಗಿ ಒಯ್ಯಬೇಕೆಂದು ನಿಶ್ಚಯಿಸಿದರು. ಪ್ರಯಾಣದ ಕುಲುಕಾಟದಲ್ಲಿ ಜೀವಿಗಳು ಉರುಳಾಡದಂತೆ ಸೂಜಿದಾರದಿಂದ ಸ್ಪಂಜಿಗೆ ಹೊಲಿದು, ಉಪ್ಪುನೀರಿನ ಜಾಡಿಯಲ್ಲಿಟ್ಟು ತಂದರು. ಲಂಡನ್ನಿನಲ್ಲಿ ತಾಜಾ ಕಡಲನೀರು ಬೇಕಾದಷ್ಟು ಸಿಗುವಂತಿರಲಿಲ್ಲ. ಇದ್ದ ನೀರನ್ನೇ ಮತ್ತೆ ಮತ್ತೆ ಬಳಸಬೇಕಾಗಿತ್ತು. ತೆರೆದ ಕಿಟಕಿಯ ಎದುರಿನಲ್ಲಿ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಸುರಿಯುತ್ತಿದ್ದರೆ ಅದಕ್ಕೆ ಗಾಳಿ ಸೇರುತ್ತದೆ ಎಂಬ ಉಪಾಯ ಅವರಿಗೆ ಹೊಳೆಯಿತು. ದಿನವೂ ಅರ್ಧ ಮುಕ್ಕಾಲು ಗಂಟೆ ಹಿಡಿಯುತ್ತಿದ್ದ ಈ ಕೆಲಸ ಮನೆಗೆಲಸದಾಕೆಯ ಪಾಲಿಗೆ ಬಂದಿತು. ಇಂದು ವಿದ್ಯುತ್ ಪಂಪು ಮಾಡುವ ಕೆಲಸವನ್ನು ಅಂದು ಹೆಸರು ತಿಳಿಯದ ಆ ಹೆಣ್ಣುಮಗಳ ಕೈಗಳು ಮಾಡಿದವು.

ಮರುವರ್ಷ ಆನಾ ಥಿನ್ ತೊಟ್ಟಿಗೆ ಕಡಲ ಪಾಚಿಯನ್ನೂ ಸೇರಿಸಿದರು. ಅವರ ಹವಳಗಳು ಮೂರು ವರ್ಷ ಬದುಕಿದ್ದಲ್ಲದೆ ಸಂಖ್ಯೆಯಲ್ಲಿಯೂ ಹೆಚ್ಚಿದವು. ಈ ಹೆಚ್ಚಳದ ವಿವರಗಳನ್ನು ಅವರು 1859ರಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟಿಸಿದರು. ಗಾಜಿನೊಳಗೆ ತಂದ ಹವಳ ಅಲ್ಲಿಯೇ ಸಂತಾನ ಬೆಳೆಸಬಲ್ಲದು ಎಂಬ ಈ ಅಂಶವನ್ನು ನೆನಪಿನಲ್ಲಿಡಿ. ಮುಂದಿನ ಸುಮಾರು ನೂರು ವರ್ಷ ಜನ ಮರೆತದ್ದು ಇದನ್ನೇ.

ಇದೇ ವೇಳೆಗೆ ಲಂಡನ್ನಿನ ರಸಾಯನವಿಜ್ಞಾನಿ ರಾಬರ್ಟ್ ವಾರಿಂಗ್ಟನ್ ಸಿಹಿನೀರಿನಲ್ಲಿ ಪ್ರಯೋಗ ನಡೆಸಿದ್ದರು. ಒಂದು ಪಾತ್ರೆಯಲ್ಲಿ ಎರಡು ಹೊಂಬಣ್ಣದ ಮೀನುಗಳನ್ನೂ ಒಂದು ಜಲಸಸ್ಯವನ್ನೂ ಇಟ್ಟರು. ಸಸ್ಯದ ಎಲೆಗಳು ಕೊಳೆತು ನೀರು ಕೆಡತೊಡಗಿದಾಗ ಬಸವನಹುಳುಗಳನ್ನು ಬಿಟ್ಟರು. ಹುಳುಗಳು ಕೊಳೆತದ್ದನ್ನು ತಿಂದವು, ನೀರು ತಿಳಿಯಾಯಿತು. ಮೀನು ಬಿಟ್ಟ ಅಂಗಾರಾಮ್ಲವನ್ನು ಸಸ್ಯ ಬಳಸುತ್ತದೆ, ಸಸ್ಯ ಬಿಟ್ಟ ಆಮ್ಲಜನಕವನ್ನು ಮೀನು ಉಸಿರಾಡುತ್ತದೆ, ಉಳಿದ ಕಸವನ್ನು ಬಸವನಹುಳು ತೆಗೆಯುತ್ತದೆ. ಜೀವಿಗಳ ನಡುವಣ ಈ ಕೊಡುಕೊಳ್ಳುವಿಕೆಯ ಸಮತೋಲವನ್ನು ಅವರು 1850ರಲ್ಲಿ ವಿವರಿಸಿದರು. ಅನಂತರ ಕಡಲನೀರಿನಲ್ಲಿಯೂ ಇದನ್ನು ಪರೀಕ್ಷಿಸಿದರು.

ಈ ತಿಳಿವನ್ನು ಮನೆಮನೆಗೆ ಮುಟ್ಟಿಸಿದವರು ಪ್ರಕೃತಿವಿಜ್ಞಾನಿ ಫಿಲಿಪ್ ಹೆನ್ರಿ ಗಾಸ್. 1853ರಲ್ಲಿ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಪ್ರಾಣಿಸಂಗ್ರಹಾಲಯದಲ್ಲಿ ಜಗತ್ತಿನ ಮೊದಲ ಸಾರ್ವಜನಿಕ ಜಲಚರಾಲಯ ತೆರೆದಾಗ ಅದಕ್ಕೆ ಜೀವಿಗಳನ್ನು ಒದಗಿಸಿದವರಲ್ಲಿ ಅವರೂ ಒಬ್ಬರು. ಮರುವರ್ಷ ಪ್ರಕಟವಾದ ಅವರ ‘ದಿ ಅಕ್ವೇರಿಯಂ’ ಗ್ರಂಥದಿಂದ ಆ ಪದವೇ ಜನರ ಬಾಯಲ್ಲಿ ನೆಲೆಸಿತು. ಅಡುಗೆ ಉಪ್ಪು, ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಲವಣಗಳನ್ನು ಲೆಕ್ಕಹಾಕಿ ಬೆರೆಸಿ ಕೃತಕ ಕಡಲನೀರು ತಯಾರಿಸುವ ಕ್ರಮವನ್ನೂ ಗಾಸ್ ತೋರಿಸಿಕೊಟ್ಟರು. ಬ್ರಿಟನ್ನಿನ ಬಂಡೆಗಳ ಮೇಲೆ ಅಣಬೆ ಹವಳಗಳ ಬಂಧುವೊಂದು ಬೆಳೆಯುತ್ತದೆ. ಕೋರಿನ್ಯಾಕ್ಟಿಸ್ ಎಂಬ ಆ ಪುಟ್ಟ ಜೀವಿಯನ್ನು ಗಾಸ್ 1860ರ ತಮ್ಮ ಗ್ರಂಥದಲ್ಲಿ ವರ್ಣಿಸಿದ್ದಾರೆ. ಆದುದರಿಂದ ಈ ವರ್ಗದ ಜೀವಿಗಳಿಗೂ ಜಲಚರಾಲಯಕ್ಕೂ ನಂಟು ಹಳೆಯದು.

ಆದರೆ ಪುಸ್ತಕದ ಯಶಸ್ಸೇ ಕಡಲತೀರಕ್ಕೆ ಮುಳುವಾಯಿತು. 1845ರಲ್ಲಿ ಬ್ರಿಟನ್ ಸರ್ಕಾರ ಗಾಜಿನ ಮೇಲಿನ ತೆರಿಗೆಯನ್ನು ರದ್ದುಗೊಳಿಸಿದ್ದರಿಂದ ಗಾಜು ಅಗ್ಗವಾಗಿತ್ತು. ರೈಲು ಕಡಲತೀರದವರೆಗೂ ಹೋಗುತ್ತಿತ್ತು. ಜನ ಬುಟ್ಟಿ, ಸುತ್ತಿಗೆ, ಉಳಿ ಹಿಡಿದು ಬಂಡೆಗಳ ನಡುವಣ ನೀರಿನ ಮಡುಗಳಿಗೆ ಮುಗಿಬಿದ್ದರು. ತಂದ ಜೀವಿಗಳಲ್ಲಿ ಬಹುಪಾಲು ಸತ್ತವು. ಸತ್ತಷ್ಟೂ ಹೊಸದನ್ನು ತರಲು ಮತ್ತೆ ಹೋದರು. ಶತಮಾನಗಳಿಂದ ಯಾರೂ ಮುಟ್ಟದೆ ಉಳಿದಿದ್ದ ಮಡುಗಳು ಕೆಲವೇ ವರ್ಷಗಳಲ್ಲಿ ಬರಿದಾದವು. ಫಿಲಿಪ್ ಗಾಸ್ ಅವರ ಮಗ ಎಡ್ಮಂಡ್ ಗಾಸ್ 1907ರಲ್ಲಿ ಬರೆದ ಆತ್ಮಕಥನದಲ್ಲಿ ಈ ನಾಶವನ್ನೂ ಅದಕ್ಕಾಗಿ ತಂದೆ ಪಟ್ಟ ಸಂಕಟವನ್ನೂ ದಾಖಲಿಸಿದ್ದಾರೆ. ಪ್ರೀತಿಯಿಂದ ಪರಿಚಯಿಸಿದ ಲೋಕವೇ ಆ ಪರಿಚಯದಿಂದ ಹಾಳಾಯಿತು.

ತಂದ ಜೀವಿಗಳು ಏಕೆ ಸಾಯುತ್ತಿದ್ದವು? ಅಂದಿನವರಿಗೆ ಎರಡು ಮುಖ್ಯ ಸಂಗತಿಗಳು ತಿಳಿದಿರಲಿಲ್ಲ. ಮೊದಲನೆಯದು, ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳ ಕೆಲಸ. ನೀರಿನಲ್ಲಿ ಬಾಳುವ ಪ್ರಾಣಿಗಳ ತ್ಯಾಜ್ಯದಿಂದ ಅಮೋನಿಯ ಉಂಟಾಗುತ್ತದೆ, ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿ, ಇನ್ನೊಂದು ಬಗೆಯವು ನೈಟ್ರೈಟನ್ನು ಅಷ್ಟೇನೂ ಅಪಾಯಕರವಲ್ಲದ ನೈಟ್ರೇಟ್ ಆಗಿ ಬದಲಾಯಿಸುತ್ತವೆ. ಇದು ಜೀವಿಗಳಿಂದಲೇ ನಡೆಯುವ ಕ್ರಿಯೆಯೆಂದು 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಸ್ ತೋರಿಸಿದರು. 1890ರ ಸುಮಾರಿಗೆ ರಷ್ಯದ ಸೆರ್ಗೇಯ್ ವಿನೊಗ್ರಾಡ್‌ಸ್ಕಿ ಆ ಬ್ಯಾಕ್ಟೀರಿಯಗಳನ್ನು ಬೇರ್ಪಡಿಸಿದರು.

ಎರಡನೆಯದು, ಹವಳದ ಮೈಯೊಳಗಿನ ಒಕ್ಕಲು. ಉಷ್ಣವಲಯದ ಬಹುಪಾಲು ಹವಳಗಳ ಜೀವಕೋಶಗಳೊಳಗೆ ಏಕಕೋಶ ಪಾಚಿಗಳು ವಾಸಿಸುತ್ತವೆ. ಜರ್ಮನಿಯ ಕಾರ್ಲ್ ಬ್ರಾಂಟ್ 1881ರಲ್ಲಿ ಇಂತಹ ಪಾಚಿಗಳಿಗೆ ಹೆಸರಿಟ್ಟರು. ಈ ಪಾಚಿ ಬಿಸಿಲಿನಿಂದ ತಯಾರಿಸಿದ ಆಹಾರ ಆಶ್ರಯ ನೀಡಿದ ಪ್ರಾಣಿಗೂ ಸೇರುತ್ತದೆ ಎಂಬುದು ಕಡಲಹೂವಿನ ಮೇಲೆ ವಿಕಿರಣಶೀಲ ಇಂಗಾಲ ಬಳಸಿ ಮಾಡಿದ ಪ್ರಯೋಗದಿಂದ 1958ರಲ್ಲಿ ಖಚಿತವಾಯಿತು. ಹಾಗಿದ್ದರೆ ಹವಳ ಸಾಕುವವನು ಪ್ರಾಣಿಯ ಜೊತೆಗೆ ಅದರೊಳಗಿನ ಸಸ್ಯವನ್ನೂ ಸಾಕಬೇಕು. ಬೆಳಕಿಲ್ಲದ ಕೋಣೆಯಲ್ಲಿ ಅದು ನಿಧಾನವಾಗಿ ಉಪವಾಸ ಬೀಳುತ್ತದೆ.

ಈ ಎರಡು ತಿಳಿವುಗಳೂ ಕೂಡಿ ಫಲಿಸಿದ್ದು ಪ್ರಯೋಗಾಲಯದ ಹೊರಗೆ. ಇಂಡೊನೇಷ್ಯದ ಜಕಾರ್ತಾದ ಲೀ ಚಿನ್ ಎಂಗ್ 1961ರಲ್ಲಿ ತಮ್ಮ ಸರಳ ವಿಧಾನವನ್ನು ಪತ್ರಿಕೆಯೊಂದರಲ್ಲಿ ವಿವರಿಸಿದರು. ಹವಳದ ದಿಬ್ಬದಿಂದ ಬಂದ, ರಂಧ್ರಗಳಲ್ಲೆಲ್ಲ ಜೀವಿಗಳು ತುಂಬಿದ ಕಲ್ಲುಗಳು, ಕಡಲನೀರು, ಬಿಸಿಲು ಮತ್ತು ಗಾಳಿಯ ಗುಳ್ಳೆಗಳು, ಇಷ್ಟೇ ಅವರ ಸಲಕರಣೆ. ‘ಜೀವಂತ ಕಲ್ಲು’ ಎಂದು ಹೆಸರಾದ ಈ ಕಲ್ಲಿನ ಹೊರಮೈಯಲ್ಲಿ ಅಮೋನಿಯವನ್ನು ಬದಲಾಯಿಸುವ ಬ್ಯಾಕ್ಟೀರಿಯಗಳಿರುತ್ತವೆ. ಆಮ್ಲಜನಕ ಮುಟ್ಟದ ಒಳಭಾಗದಲ್ಲಿ ನೈಟ್ರೇಟನ್ನು ಸಾರಜನಕ ಅನಿಲವಾಗಿ ಹೊರಗೆ ಕಳಿಸುವ ಬ್ಯಾಕ್ಟೀರಿಯಗಳಿರುತ್ತವೆ. ಕಲ್ಲೇ ಶೋಧಕ! ಮುಂದೆ ಸ್ವಿಟ್ಜರ್ಲೆಂಡಿನ ಪೀಟರ್ ವಿಲ್ಕೆನ್ಸ್ ಮತ್ತು ಬರ್ಲಿನ್ ನಗರದ ಹವ್ಯಾಸಿಗಳು ಇದಕ್ಕೆ ಪ್ರಖರ ದೀಪ, ಕೊಳೆಯನ್ನು ನೊರೆಯಾಗಿಸಿ ಹೊರತೆಗೆಯುವ ಸಾಧನ ಮತ್ತು ಹವಳಕ್ಕೆ ಕ್ಯಾಲ್ಸಿಯಂ ಒದಗಿಸಲು ಸುಣ್ಣದ ತಿಳಿನೀರನ್ನು ಸೇರಿಸಿದರು. ಇದು ‘ಬರ್ಲಿನ್ ಪದ್ಧತಿ’ ಎನಿಸಿತು. ಕಡಲಿಲ್ಲದ ಊರುಗಳಲ್ಲಿ ಹವಳಗಳು ವರ್ಷಗಟ್ಟಲೆ ಬೆಳೆಯತೊಡಗಿದವು.

ಇನ್ನು ಉಳಿದದ್ದು ಗಾತ್ರದ ಪ್ರಶ್ನೆ. ದೊಡ್ಡ ತೊಟ್ಟಿ ತಪ್ಪನ್ನು ಮನ್ನಿಸುತ್ತದೆ, ಚಿಕ್ಕದು ಮನ್ನಿಸುವುದಿಲ್ಲ. ಲೆಕ್ಕ ಮಾಡಿ ನೋಡಿ. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. 20 ಲೀಟರ್ ತೊಟ್ಟಿಯಲ್ಲಿ 700 ಗ್ರಾಂ. ಎರಡು ಲೀಟರ್ ನೀರು ಆವಿಯಾದರೆ ಉಪ್ಪು ಆವಿಯಾಗುವುದಿಲ್ಲ. ಅದೇ 700 ಗ್ರಾಂ ಈಗ 18 ಲೀಟರಿನಲ್ಲಿದೆ, ಅಂದರೆ ಲೀಟರಿಗೆ ಸುಮಾರು 39 ಗ್ರಾಂ. 1000 ಲೀಟರ್ ತೊಟ್ಟಿಯಿಂದ ಅಷ್ಟೇ ನೀರು ಹೋದರೆ ಲವಣಾಂಶ 35.1ನ್ನೂ ಮುಟ್ಟುವುದಿಲ್ಲ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಆವರಣದಲ್ಲಿ 1871ರಲ್ಲಿ ಜಲಚರಾಲಯ ಕಟ್ಟಿದ ವಿಲಿಯಂ ಆಲ್ಫರ್ಡ್ ಲಾಯ್ಡ್ ಇದನ್ನು ಅರಿತೇ ಪ್ರದರ್ಶನ ತೊಟ್ಟಿಗಳಿಗಿಂತ ಹಲವು ಪಟ್ಟು ದೊಡ್ಡ ನೀರಿನ ಸಂಗ್ರಹವನ್ನು ಕತ್ತಲಲ್ಲಿ ಇಟ್ಟಿದ್ದರು.

ಪುಟ್ಟ ತೊಟ್ಟಿಗೆ ಅಣಬೆ ಹವಳ ಹೊಂದುವುದು ಈ ಕಾರಣದಿಂದಲೇ. ಇದಕ್ಕೆ ಸುಣ್ಣದ ಅಸ್ಥಿಪಂಜರವಿಲ್ಲ. ಕ್ಯಾಲ್ಸಿಯಂ ಪೂರೈಕೆಯ ಚಿಂತೆ ಕಡಿಮೆ. ಮಂದ ಬೆಳಕು, ಮೆಲುವಾದ ನೀರಿನ ಹರಿವು ಸಾಕು. ಕ್ರಮ ಹೀಗಿದೆ: ಶುದ್ಧೀಕರಿಸಿದ ನೀರಿನಲ್ಲಿ ಕಡಲ ಲವಣವನ್ನು ಬೆರೆಸಿ, ಕಲ್ಲು ಮತ್ತು ಮರಳನ್ನು ಹಾಕಿ, ಉಷ್ಣಾಂಶವನ್ನು ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನಿಲ್ಲಿಸಬೇಕು. ಅನಂತರ ನಾಲ್ಕಾರು ವಾರ ಕಾಯಬೇಕು. ಅಮೋನಿಯ ಮತ್ತು ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆಯೇ ಮೊದಲ ಹವಳ. ವಿನೊಗ್ರಾಡ್‌ಸ್ಕಿಯವರ ಬ್ಯಾಕ್ಟೀರಿಯಗಳು ನೆಲೆಯೂರಲು ಕೊಡುವ ಕಾಲವಿದು. ಅಣಬೆ ಹವಳದ ಮೆದು ಮೈಗೆ ಅಂಟು ಹಿಡಿಯುವುದಿಲ್ಲ. ಸಣ್ಣ ಕಲ್ಲುಚೂರುಗಳಿರುವ ಬಟ್ಟಲಿನಲ್ಲಿ ಇಟ್ಟು ಮೇಲೆ ಬಲೆ ಕಟ್ಟಿದರೆ ತಾನಾಗಿಯೇ ಕಲ್ಲನ್ನು ಹಿಡಿದುಕೊಳ್ಳುತ್ತದೆ. ಆವಿಯಾದ ನೀರಿನ ಬದಲಿಗೆ ದಿನವೂ ಶುದ್ಧ ಸಿಹಿನೀರನ್ನೇ ಸೇರಿಸಬೇಕು. ವಾರಕ್ಕೊಮ್ಮೆ ಹತ್ತನೆಯ ಒಂದು ಭಾಗದಷ್ಟು ಉಪ್ಪುನೀರನ್ನು ಬದಲಾಯಿಸಬೇಕು. ಇಷ್ಟು ಚಿಕ್ಕ ತೊಟ್ಟಿಗೆ ಮೀನು ಬೇಡ.

ಹೀಗೆ ನೆಲೆಯೂರಿದ ಅಣಬೆ ಹವಳ ಕಲ್ಲಿನ ಮೇಲೆ ನಿಧಾನವಾಗಿ ಜರುಗುತ್ತದೆ. ಜರುಗುವಾಗ ಪಾದದ ತುಣುಕುಗಳನ್ನು ಹಿಂದೆ ಬಿಟ್ಟುಹೋಗುತ್ತದೆ. ಪ್ರತಿಯೊಂದು ತುಣುಕೂ ಹೊಸ ಹವಳವಾಗಿ ಬೆಳೆಯಬಲ್ಲದು. ಕೆಲವು ಮಧ್ಯದಲ್ಲಿಯೇ ಸೀಳಿ ಎರಡಾಗುತ್ತವೆ. ಒಂದರಿಂದ ಹತ್ತಾದವನ್ನು ಸ್ನೇಹಿತರಿಗೆ ಹಂಚಬಹುದು, ಕಡಲಿನಿಂದ ಹೊಸದಾಗಿ ಒಂದನ್ನೂ ಕೀಳದೆ. ಆನಾ ಥಿನ್ ತಮ್ಮ ಜಾಡಿಯಲ್ಲಿ ಕಂಡಿದ್ದ ದಾರಿ ಮತ್ತೆ ತೆರೆದುಕೊಂಡದ್ದು ಹೀಗೆ.

ಈ ದಾರಿ ವಿಜ್ಞಾನಕ್ಕೂ ಅನಿರೀಕ್ಷಿತ ಫಲ ಕೊಟ್ಟಿತು. ಮಾಸ್ಕೋದ ಜಲಚರ ತೊಟ್ಟಿಗಳಲ್ಲಿ ಸಾಕಿದ್ದ ಹವಳಜೀವಿಗಳ ಬಣ್ಣಗಳನ್ನು ಪರೀಕ್ಷಿಸಿದ ರಷ್ಯದ ವಿಜ್ಞಾನಿಗಳು 1999ರಲ್ಲಿ ಡಿಸ್ಕೋಸೋಮ ಎಂಬ ಅಣಬೆ ಹವಳದಿಂದ ಕೆಂಪಾಗಿ ಹೊಳೆಯುವ ಪ್ರೋಟೀನೊಂದನ್ನು ವರದಿಮಾಡಿದರು. ಜೆಲ್ಲಿಮೀನಿನ ಹಸಿರು ಪ್ರೋಟೀನ್ ಅದಕ್ಕೂ ಮೊದಲೇ ತಿಳಿದಿತ್ತು. ಕೆಂಪೂ ದೊರೆತದ್ದರಿಂದ ಜೀವಕೋಶದೊಳಗಿನ ಎರಡು ಬೇರೆ ಬೇರೆ ಅಂಶಗಳನ್ನು ಎರಡು ಬಣ್ಣಗಳಲ್ಲಿ ಗುರುತಿಸುವುದು ಸುಲಭವಾಯಿತು. ರೋಜರ್ ಚಿಯೆನ್ ಇದನ್ನು ಸುಧಾರಿಸಿ ಹಲವು ಬಣ್ಣಗಳನ್ನು ರೂಪಿಸಿದರು. ಹಸಿರು ಪ್ರೋಟೀನಿನ ಶೋಧ ಮತ್ತು ಅಭಿವೃದ್ಧಿಗಾಗಿ 2008ರ ರಸಾಯನವಿಜ್ಞಾನದ ನೊಬೆಲ್ ಬಹುಮಾನವನ್ನು ಹಂಚಿಕೊಂಡ ಮೂವರಲ್ಲಿ ಅವರೂ ಒಬ್ಬರು.

ಇಂದು ಕಡಲು ಬಿಸಿಯೇರುತ್ತಿದೆ. ನೀರು ಮಿತಿಮೀರಿ ಕಾದಾಗ ಹವಳಗಳು ತಮ್ಮೊಳಗಿನ ಪಾಚಿಯನ್ನು ಕಳೆದುಕೊಂಡು ಬಿಳಿಚುತ್ತವೆ. 1998ರಲ್ಲಿ ಲಕ್ಷದ್ವೀಪದ ದಿಬ್ಬಗಳೂ ಈ ಹೊಡೆತಕ್ಕೆ ಸಿಕ್ಕವು. ಒಮ್ಮೆ ತೀರವನ್ನು ಬರಿದುಮಾಡಿದ ಗಾಜಿನ ತೊಟ್ಟಿ ಈಗ ಹವಳಗಳಿಗೆ ಆಸರೆಯೂ ಆಗಿದೆ. ಅಮೆರಿಕದ ಫ್ಲಾರಿಡಾದಲ್ಲಿ ಹವಳಗಳಿಗೆ ಮಾರಕ ರೋಗ ಹರಡಿದಾಗ, ರೋಗ ತಗಲದವುಗಳನ್ನು 2018ರಿಂದ ದೇಶದ ಹಲವು ಜಲಚರಾಲಯಗಳಿಗೆ ಸಾಗಿಸಿ ಉಳಿಸಿಕೊಂಡರು. ಲಂಡನ್ನಿನ ಹಾರ್ನಿಮನ್ ವಸ್ತುಸಂಗ್ರಹಾಲಯದ ಸಂಶೋಧಕರು ಚಂದ್ರನ ಬೆಳಕನ್ನೂ ಋತುಗಳ ಏರಿಳಿತವನ್ನೂ ತೊಟ್ಟಿಯಲ್ಲಿ ಅನುಕರಿಸಿ, ಹವಳಗಳು ನಿಯತಕಾಲದಲ್ಲಿ ಮೊಟ್ಟೆಯಿಡುವಂತೆ ಮಾಡಿದ ವಿವರವನ್ನು 2017ರಲ್ಲಿ ಪ್ರಕಟಿಸಿದರು.

ನಮ್ಮ ನಾಡಿನಲ್ಲಿಯೂ ಹವಳಗಳಿವೆ. ಉತ್ತರ ಕನ್ನಡದ ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಅವು ಬೆಳೆದಿವೆ. ದಿಬ್ಬ ಕಟ್ಟುವ ಹವಳಗಳನ್ನು 2001ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪರಿಶಿಷ್ಟಕ್ಕೆ ಸೇರಿಸಿ, ಹುಲಿಗೆ ಇರುವಂತಹ ರಕ್ಷಣೆಯನ್ನೇ ಕೊಡಲಾಯಿತು. ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಯಾರಾದರೂ ಮುಂದೆ ಇಂತಹ ಪುಟ್ಟ ಕಡಲನ್ನು ಮನೆಯಲ್ಲಿ ಇಡಬಯಸಿದರೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಹವಳ ಹುಟ್ಟಿದ್ದು ಎಲ್ಲಿ? ಇನ್ನೊಂದು ತೊಟ್ಟಿಯಲ್ಲಿ ಎಂದಾದರೆ ತನ್ನಿ. ಕಡಲಿನಲ್ಲಿ ಎಂದಾದರೆ ಅದನ್ನು ಅಲ್ಲಿಯೇ ಬಿಡಿ.