ಕೊಳ್ಳೇಗಾಲ ಸೀಮೆಗೆ ರೇಷ್ಮೆಹುಳು ಬಂದ ದಾರಿ

ರೇಷ್ಮೆಹುಳುವಿನ ತವರು ಚೀನಾ. ಮೈಸೂರು ಸೀಮೆಯಲ್ಲಿ ಅದರ ಸಾಕಣೆ ಬೇರೂರಿದ್ದು 1780ರ ದಶಕದಲ್ಲಿ. ಟಿಪ್ಪು ಸುಲ್ತಾನ್ ಬುರ್ಹಾನುದ್ದೀನ್ ಮತ್ತು ಕಸ್ತೂರಿರಂಗ ಎಂಬವರನ್ನು ಬಂಗಾಳಕ್ಕೆ ಕಳಿಸಿ ಹುಳು ತರಿಸಿದ. ಹುಳುಗಳನ್ನೂ ಸಾಕಬಲ್ಲವರನ್ನೂ ಹುಡುಕಿ ಕಳಿಸುವಂತೆ ಮಸ್ಕತ್‌ನಲ್ಲಿದ್ದ ತನ್ನ ಪ್ರತಿನಿಧಿಗೂ ಬರೆದ. ರಾಜ್ಯದ 21 ಕಡೆ ಸಾಕಣೆ ನಡೆಯಬೇಕೆಂದು ಅಪ್ಪಣೆಯಾಯಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಆ ಅಪ್ಪಣೆಯೂ ಬಿದ್ದುಹೋಯಿತು. ಆಮೇಲೆ ಹುಳುವನ್ನು ಕಾಪಾಡಿದವರು ರೈತರು, ನೂಲು ಬಿಚ್ಚುವವರು, ನೇಕಾರರು.

ಕಾವೇರಿ ದಂಡೆಯ ಮುಳ್ಳೂರಿನಿಂದ ಹನೂರಿನ ಬೆಟ್ಟದಂಚಿನವರೆಗಿನ ಕೊಳ್ಳೇಗಾಲ ಸೀಮೆ 1799ರ ನಂತರ ಈಸ್ಟ್ ಇಂಡಿಯಾ ಕಂಪನಿಯ ಕೊಯಮತ್ತೂರು ಜಿಲ್ಲೆಗೆ ಸೇರಿತು. ಪಕ್ಕದ ಯಳಂದೂರು ಮೈಸೂರಿನಲ್ಲೇ ಉಳಿದು 1807ರಲ್ಲಿ ದಿವಾನ್ ಪೂರ್ಣಯ್ಯನವರ ಜಹಗೀರಾಯಿತು. ಆಡಳಿತ ಎರಡಾದರೂ ಹಿಪ್ಪುನೇರಳೆ ಎರಡೂ ಕಡೆ ಬೆಳೆಯಿತು. ಮದರಾಸು ಪ್ರಾಂತ್ಯದಲ್ಲಿ ರೇಷ್ಮೆ ಸಾಕಣೆಗೆ ಹೆಸರಾದ ತಾಲ್ಲೂಕೆಂದರೆ ಕೊಳ್ಳೇಗಾಲವೇ.

ರೇಷ್ಮೆಹುಳು ಎಂಬ ಈ ಸರಕು ಹರಡಿದ ರೀತಿಯನ್ನು ನಿರ್ಧರಿಸಿದ್ದು ಅದರ ಜೀವಗುಣ. ರಾಗಿಯಂತೆ ಇದರ ಬಿತ್ತನೆಯನ್ನು ಹಗೇವಿನಲ್ಲಿಟ್ಟು ಮುಂದಿನ ವರ್ಷಕ್ಕೆ ಕಾಯಲಾಗದು. ಗೂಡು ಕಟ್ಟಿದ ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಹೊರಬರುತ್ತದೆ. ಮೈಸೂರು ತಳಿಯ ಮೊಟ್ಟೆ ಸುಮಾರು ಹತ್ತೇ ದಿನಕ್ಕೆ ಒಡೆಯುತ್ತದೆ. ಅಷ್ಟರೊಳಗೆ ಬಿತ್ತನೆ ಗೂಡು ಒಂದೂರಿನಿಂದ ಇನ್ನೊಂದೂರಿಗೆ, ಬಿಸಿಲಿನ ತಾಪ ತಗಲದಂತೆ, ತಲುಪಲೇಬೇಕು. ಕುಣಿಗಲ್, ಮಾಗಡಿ ಕಡೆಯ ಹಳ್ಳಿಗಳು ಬಿತ್ತನೆ ಗೂಡಿಗೆ ಹೆಸರಾದವು. ಒಂದು ಊರಿನ ಬೆಳೆ ರೋಗಕ್ಕೆ ಸಿಕ್ಕರೆ ಇನ್ನೊಂದು ಊರಿನ ಗೂಡು ಬೇಕಾಗುತ್ತಿತ್ತು. ಹೀಗೆ ಊರೂರಿನ ನಡುವಿನ ನಂಬಿಕೆಯೇ ಈ ಕಸುಬಿನ ನಿಜವಾದ ಬಂಡವಾಳವಾಗಿತ್ತು.

ನಾಲ್ಕು ಜ್ವರ (ಪೊರೆ ಬಿಡುವ ಹಂತ) ಕಳೆದ ಹುಳು ಹಗಲಿರುಳೆನ್ನದೆ ಸೊಪ್ಪು ಮೇಯುತ್ತದೆ. ಮೈ ಹೊಳಪೇರಿ ಹಣ್ಣಾದಾಗ ಮನೆಮಂದಿಯೆಲ್ಲ ಕೂತು ಒಂದೊಂದನ್ನೇ ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಾರೆ; ತಡವಾದರೆ ನೂಲು ತಟ್ಟೆಯಲ್ಲೇ ಹಾಳು. ಹಸಿರು ಛಾಯೆಯ ಹಳದಿ ಗೂಡು ಕುದಿನೀರಿನಲ್ಲಿ ಬೆಂದು ಚರಕದಲ್ಲಿ ನೂಲಾಗುತ್ತದೆ. ಕೊಳ್ಳೇಗಾಲದ ದೇವಾಂಗ ನೇಕಾರರ ಮಗ್ಗದಲ್ಲಿ ರೇಷ್ಮೆಯ ಜೊತೆಗೆ ಜರಿಯೂ ಸೇರಿತು. ಊರಿನ ಜರಿಯಂಚಿನ ಬಟ್ಟೆಗಳು ಬ್ರಿಟಿಷರ ಗೆಜೆಟಿಯರಿನಲ್ಲೂ ದಾಖಲಾದವು.

20ನೇ ಶತಮಾನದಲ್ಲಿ ವಿದೇಶಿ ರೇಷ್ಮೆ ಮತ್ತೆರಡು ರೂಪದಲ್ಲಿ ಬಂತು. ಜಪಾನ್, ಚೀನಾಗಳ ಅಗ್ಗದ ನೂಲು 1930ರ ದಶಕದ ಆರಂಭದಲ್ಲಿ ಇಲ್ಲಿನ ಬೆಲೆಯನ್ನು ನೆಲಕಚ್ಚಿಸಿತು; ಆಮದು ಸುಂಕ ಏರಿಸದೆ ಬೇರೆ ದಾರಿ ಉಳಿಯಲಿಲ್ಲ. ಇನ್ನೊಂದೆಡೆ, ಅದೇ ದೇಶಗಳ ಗಂಡು ಚಿಟ್ಟೆಯನ್ನು ಮೈಸೂರು ಹೆಣ್ಣಿನೊಡನೆ ಕೂಡಿಸಿದ ಮಿಶ್ರತಳಿ ಹಳ್ಳಿಗಳಿಗೆ ಹಬ್ಬಿತು. ಈ ತಳಿಗೆ ಬೇಕಾದ ಮೊಟ್ಟೆ ಅದನ್ನು ತಯಾರಿಸುವ ಬಿತ್ತನೆ ಕೋಠಿಯಿಂದಲೇ ಬರಬೇಕು. 1956ರಲ್ಲಿ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಮರಳಿತು. 1959ರ ಕಾಯ್ದೆ ಬಿತ್ತನೆ, ಗೂಡು ಎರಡರ ವಹಿವಾಟನ್ನೂ ಸರ್ಕಾರದ ನಿಯಂತ್ರಣಕ್ಕೆ ತಂದಿತು. ಮುಂದೆ ಗೂಡಿನ ಮಾರಾಟ ಮನೆಬಾಗಿಲಿನಿಂದ ಸರ್ಕಾರಿ ಮಾರುಕಟ್ಟೆಯ ಹರಾಜಿಗೆ ಸಾಗಿತು.